ಕ್ಯಾನಿಸ್ಟರ್ ಫಿಲ್ಟರ್‌ನಿಂದ ಪೂರ್ತಿ ಕೆಲಸ ತೆಗೆಯುವ ಬಗೆ

ಮೀನಿನ ತೊಟ್ಟಿಯ ಹೊರಗಿದ್ದು, ಪೈಪುಗಳ ಮೂಲಕ ನೀರನ್ನು ಎಳೆದು ಶುದ್ಧೀಕರಿಸಿ ಮರಳಿಸುವ ಮುಚ್ಚಿದ ಡಬ್ಬವೇ ಕ್ಯಾನಿಸ್ಟರ್ ಫಿಲ್ಟರ್. ಅದರ ಪೆಟ್ಟಿಗೆಯ ಮೇಲೆ ಗಂಟೆಗೆ 1000 ಲೀಟರ್ ಎಂದು ಅಚ್ಚಾಗಿದ್ದರೆ, ಆ ಅಂಕಿಯನ್ನು ಸಾಮಾನ್ಯವಾಗಿ ಒಳಗೆ ಮೀಡಿಯಾ, ಅಂದರೆ ನೀರನ್ನು ಶುದ್ಧೀಕರಿಸುವ ಸಾಮಗ್ರಿ, ತುಂಬದೆ ಅಳೆದಿರುತ್ತಾರೆ. ಸ್ಪಾಂಜು, ಸೆರಾಮಿಕ್ ಉಂಗುರ, ಉದ್ದದ ಪೈಪು, ನಾಲ್ಕಾರು ತಿರುವುಗಳೆಲ್ಲ ಸೇರಿದ ಮೇಲೆ ನಮ್ಮ ಪಾಲಿಗೆ ಉಳಿಯುವುದು ಅದಕ್ಕಿಂತ ಬಹಳ ಕಡಿಮೆ. ನಮ್ಮ ಮನೆಯ ತೊಟ್ಟಿ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು; ಸುಮಾರು 190 ಲೀಟರ್ ನೀರು, ಅದರಲ್ಲಿ ಏಂಜೆಲ್ ಮೀನುಗಳು ಮತ್ತು ಒಂದು ಹಿಂಡು ಟೆಟ್ರಾ. ಎರಡು ವರ್ಷ ಓಡಿದ ಫಿಲ್ಟರ್‌ನ ಹರಿವನ್ನು ಒಂದು ದಿನ ಬಕೆಟ್ ಹಿಡಿದು ಅಳೆದಾಗ ಸಿಕ್ಕಿದ್ದು ಗಂಟೆಗೆ 470 ಲೀಟರ್ ಮಾತ್ರ. ಇನ್ನೂ ದೊಡ್ಡ ಫಿಲ್ಟರ್ ಕೊಳ್ಳಬೇಕೆಂದು ಹಣ ಎತ್ತಿಟ್ಟಿದ್ದ ನಾನು, ಇದ್ದುದನ್ನೇ ತಿದ್ದಲು ಕುಳಿತು ಎರಡು ಭಾನುವಾರಗಳಲ್ಲಿ ಅದನ್ನು 690ಕ್ಕೆ ತಂದೆ. ಮೋಟಾರನ್ನು ಮುಟ್ಟಲಿಲ್ಲ. ಈ ಲೇಖನದಲ್ಲಿರುವುದು ಆ ಕೆಲಸದ ಕ್ರಮ.

ಮೊದಲಿಗೆ ಒಂದು ಎಚ್ಚರಿಕೆ. ಇಂಪೆಲ್ಲರ್ (ನೀರನ್ನು ತಳ್ಳುವ ತಿರುಗುಚಕ್ರ) ಬದಲಿಸಿ ದೊಡ್ಡದನ್ನು ಕೂರಿಸುವುದು, ಮೋಟಾರ್ ಇರುವ ತಲೆಭಾಗವನ್ನು ಕೊರೆಯುವುದು, ವೈರ್ ಕತ್ತರಿಸಿ ಜೋಡಿಸುವುದು ಮುಂತಾದ ಸಾಹಸಗಳು ಇಲ್ಲಿ ಇಲ್ಲ, ಇರಲೂಬಾರದು. ನೀರು ಮತ್ತು ವಿದ್ಯುತ್ತು ಒಂದೇ ಡಬ್ಬದಲ್ಲಿರುವ ಉಪಕರಣವಿದು. ಒಳಗೆ ಕೈ ಹಾಕುವ ಮುನ್ನ ಪ್ಲಗ್ ಕಿತ್ತಿಡಬೇಕು; ಸ್ವಿಚ್ ಆರಿಸಿದರೆ ಸಾಲದು. ತೊಟ್ಟಿಯ ಸರ್ಕ್ಯೂಟ್‌ಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ತು ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಇಲ್ಲದಿದ್ದರೆ, ಫಿಲ್ಟರ್ ತಿದ್ದುವುದಕ್ಕಿಂತ ಮೊದಲು ಅದನ್ನು ಹಾಕಿಸುವುದು ಒಳ್ಳೆಯದು.

ಮೊದಲು ಅಳತೆ

ತಿದ್ದುವ ಮೊದಲು ಅಳೆಯದಿದ್ದರೆ, ತಿದ್ದಿದ ಮೇಲೆ ಪ್ರಯೋಜನವಾಯಿತೋ ಇಲ್ಲವೋ ಎಂಬುದು ಬರೀ ಅನಿಸಿಕೆಯಾಗಿ ಉಳಿಯುತ್ತದೆ. 5 ಲೀಟರ್ ಗುರುತಿರುವ ಒಂದು ಬಕೆಟ್ಟು, ಮೊಬೈಲ್‌ನ ಸ್ಟಾಪ್‌ವಾಚ್ ಇಷ್ಟೇ ಸಾಕು. ನೀರು ತೊಟ್ಟಿಗೆ ಮರಳುವ ಪೈಪಿನ ತುದಿಯನ್ನು ಬಿಚ್ಚಿ, ಅದನ್ನು ತೊಟ್ಟಿಯ ನೀರಿನ ಮಟ್ಟದಲ್ಲಿಯೇ ಹಿಡಿದು ಬಕೆಟ್ಟಿಗೆ ಬಿಡಬೇಕು. ತುದಿಯನ್ನು ಕೆಳಗಿಳಿಸಿ ನೆಲದ ಮೇಲಿನ ಬಕೆಟ್ಟಿಗೆ ಬಿಟ್ಟರೆ ಸೈಫನ್ ಸೆಳೆತವೂ ಸೇರಿಕೊಂಡು ಅಂಕಿ ಸುಳ್ಳಾಗಿ ಏರುತ್ತದೆ. 5 ಲೀಟರ್ ತುಂಬಲು 30 ಸೆಕೆಂಡು ಹಿಡಿದರೆ ಗಂಟೆಗೆ 600 ಲೀಟರ್; 38 ಸೆಕೆಂಡು ಹಿಡಿದರೆ ಸುಮಾರು 470. ಮೂರು ಸಲ ಅಳೆದು, ಸರಾಸರಿಯನ್ನು ದಿನಾಂಕದೊಂದಿಗೆ ಸ್ಟ್ಯಾಂಡಿನ ಬಾಗಿಲಿನ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಪುಸ್ತಕದಲ್ಲಿ ಬರೆದದ್ದು ಬೇಕಾದಾಗ ಸಿಗುವುದಿಲ್ಲ. ಗಿಡಗಳಿರುವ, ಮೀನುಗಳು ಹದವಾಗಿರುವ ತೊಟ್ಟಿಯಲ್ಲಿ ಗಂಟೆಗೆ ಒಟ್ಟು ನೀರಿನ ನಾಲ್ಕರಿಂದ ಆರು ಪಟ್ಟು ಫಿಲ್ಟರ್ ಮೂಲಕ ಸಾಗಿದರೆ ಚೆನ್ನ ಎಂಬುದು ಹವ್ಯಾಸಿಗಳು ಪಾಲಿಸಿಕೊಂಡು ಬಂದಿರುವ ಲೆಕ್ಕ. ನನ್ನ ತೊಟ್ಟಿಯಲ್ಲಿ ಅದು ಎರಡೂವರೆ ಪಟ್ಟಿಗೆ ಇಳಿದಿತ್ತು.

ಫಿಲ್ಟರನ್ನು ತೊಟ್ಟಿಯ ಕೆಳಗೆ ಬಹಳ ಆಳದಲ್ಲಿ ಇಟ್ಟಿರುವುದೇ ಹರಿವು ಕುಗ್ಗಲು ಕಾರಣವೆಂದು ಹಲವರು ಭಾವಿಸುತ್ತಾರೆ. ಅದು ಅಷ್ಟು ನಿಜವಲ್ಲ. ಬಾವಿಯ ರಾಟೆಯ ಎರಡೂ ಕಡೆ ತುಂಬಿದ ಕೊಡ ಕಟ್ಟಿದರೆ ಒಂದರ ಭಾರ ಇನ್ನೊಂದನ್ನು ಸರಿದೂಗಿಸುವಂತೆ, ಕೆಳಗಿಳಿಯುವ ಪೈಪಿನ ನೀರು ಮೇಲೇರುವ ಪೈಪಿನ ನೀರನ್ನು ಎತ್ತಿ ಹಿಡಿದಿರುತ್ತದೆ. ಪಂಪು ಗೆಲ್ಲಬೇಕಾದದ್ದು ಮುಖ್ಯವಾಗಿ ಘರ್ಷಣೆಯನ್ನು, ಅಂದರೆ ಪೈಪು, ತಿರುವು, ನಲ್ಲಿ, ಮೀಡಿಯಾ ಇವುಗಳಲ್ಲಿ ನೀರಿಗೆ ಎದುರಾಗುವ ಅಡ್ಡಿಯನ್ನು. ಆದ್ದರಿಂದ ಮುಂದಿನ ಕೆಲಸವೆಲ್ಲ ಎರಡೇ ಗುರಿಗಳ ಸುತ್ತ ಸುತ್ತುತ್ತದೆ: ನೀರಿಗೆ ಅಡ್ಡಿ ಕಡಿಮೆಯಾಗಬೇಕು, ಮತ್ತು ಬಂದ ನೀರು ಮೀಡಿಯಾವನ್ನು ತಪ್ಪಿಸಿಕೊಂಡು ಓಡಬಾರದು.

ಹೀರುವ ಬಾಯಿಗೆ ಸ್ಪಾಂಜು

ಇಡೀ ಕೆಲಸದಲ್ಲಿ ಅತಿ ಅಗ್ಗದ್ದೂ ಅತಿ ಹೆಚ್ಚು ಫಲ ಕೊಡುವುದೂ ಇದೇ. ತೊಟ್ಟಿಯಿಂದ ನೀರು ಹೀರುವ ಕೊಳವೆಯ ಜಾಲರಿಗೆ ಒಂದು ಒರಟು ಸ್ಪಾಂಜನ್ನು ತೊಡಿಸಿದರೆ, ಎಲೆಯ ಚೂರು, ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರ ಮುಂತಾದ ಕಸ ಫಿಲ್ಟರ್‌ನ ಒಳಗೆ ಹೋಗುವುದೇ ಇಲ್ಲ. ಕ್ಯಾನಿಸ್ಟರ್‌ನ ದೊಡ್ಡ ದೋಷವೆಂದರೆ ಅದನ್ನು ಬಿಚ್ಚುವುದು ಒಂದು ಗಂಟೆಯ ಕೆಲಸ. ಹಾಗಾಗಿ ನಾವು ತಿಂಗಳುಗಟ್ಟಲೆ ಮುಂದೂಡುತ್ತೇವೆ, ಒಳಗೆ ಸೇರಿದ ಕಸ ಅಷ್ಟು ದಿನವೂ ಅಲ್ಲಿಯೇ ಕೊಳೆಯುತ್ತ ನೀರಿಗೆ ಅಮೋನಿಯ ಸೇರಿಸುತ್ತಲೇ ಇರುತ್ತದೆ. ಕಸವು ಕಣ್ಣಿಗೆ ಕಾಣದ ಡಬ್ಬದಲ್ಲಿದೆ ಎಂದ ಮಾತ್ರಕ್ಕೆ ತೊಟ್ಟಿಯಿಂದ ಹೊರಹೋಯಿತು ಎಂದಲ್ಲ. ಹೊರಗಿನ ಸ್ಪಾಂಜನ್ನಾದರೆ ವಾರಕ್ಕೊಮ್ಮೆ ಎರಡು ನಿಮಿಷದಲ್ಲಿ ಹಿಂಡಿ ಹಾಕಬಹುದು.

ಸ್ಪಾಂಜಿನ ರಂಧ್ರಗಳ ಗಾತ್ರವನ್ನು ಪಿಪಿಐ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಒಂದಿಂಚಿನಲ್ಲಿ ಎಷ್ಟು ರಂಧ್ರಗಳಿವೆ ಎಂಬ ಲೆಕ್ಕವದು. ಬಾಯಿಗೆ ಹಾಕಲು 20 ಪಿಪಿಐ ಹೊಂದುತ್ತದೆ. 30ರ ಸ್ಪಾಂಜು ಮೂರೇ ದಿನಕ್ಕೆ ಕಟ್ಟಿಕೊಂಡೀತು. ಮರಿಗಳೋ ಸಿಗಡಿಗಳೋ ಇರುವ ತೊಟ್ಟಿಗೆ ಮಾತ್ರ ಅದನ್ನು ಬಳಸಿ. ಸ್ಪಾಂಜು ಬೆರಳಿನಷ್ಟು ಚಿಕ್ಕದಾಗಿರಬಾರದು. ನಾನು ಬಳಸುವುದು ಸುಮಾರು 6 ಸೆಂಟಿಮೀಟರ್ ದಪ್ಪ, 15 ಸೆಂಟಿಮೀಟರ್ ಉದ್ದದ ತುಂಡು. ಅಂಗಡಿಯಲ್ಲಿ ಬರುವ ಚಿಕ್ಕ ತುಂಡುಗಳು ಬೇಗ ಮುಚ್ಚಿಕೊಂಡು ಹರಿವನ್ನೇ ಕೊಲ್ಲುತ್ತವೆ. ಆಗ ಜನ ಸ್ಪಾಂಜನ್ನೇ ದೂರಿ ಕಿತ್ತೆಸೆಯುತ್ತಾರೆ. ದಪ್ಪ ಸ್ಪಾಂಜಿನ ನಡುವೆ ರಂಧ್ರ ತೆಗೆಯಲು ಒಂದು ಉಪಾಯವಿದೆ: ಸ್ಪಾಂಜನ್ನು ಒದ್ದೆ ಮಾಡಿ ಫ್ರೀಜರಿನಲ್ಲಿಟ್ಟು ಗಟ್ಟಿಯಾದ ಮೇಲೆ ತುದಿ ಹರಿತವಾದ ಲೋಹದ ಕೊಳವೆಯನ್ನು ತಿರುಗಿಸುತ್ತ ಒತ್ತಿದರೆ ನೇರವಾದ ರಂಧ್ರ ಬೀಳುತ್ತದೆ, ಮೆತ್ತಗಿರುವಾಗ ಚಾಕು ಹಾಕಿದರೆ ಅದು ಜಾರಿ ಓರೆಯಾಗುತ್ತದೆ.

ಸ್ಪಾಂಜನ್ನು ಕೀಳುವಾಗ ಅದರ ಕೆಳಗೆ ಒಂದು ಡಬ್ಬಿಯನ್ನೋ ಪ್ಲಾಸ್ಟಿಕ್ ಚೀಲವನ್ನೋ ಹಿಡಿದು ನೀರಿನೊಳಗೇ ಅದರಲ್ಲಿ ಇಳಿಸಿಕೊಂಡು ಎತ್ತಿ. ಇಲ್ಲದಿದ್ದರೆ ವಾರದ ಕೆಸರೆಲ್ಲ ಮೋಡದಂತೆ ತೊಟ್ಟಿಗೆ ಮರಳುತ್ತದೆ.

ನೀರು ಕದ್ದು ಓಡುವ ದಾರಿಗಳು

ಈಗ ಫಿಲ್ಟರನ್ನು ಬಿಚ್ಚಿ. ಬಹುತೇಕ ಕ್ಯಾನಿಸ್ಟರ್‌ಗಳಲ್ಲಿ ನೀರು ಒಂದು ಬದಿಯ ಕಾಲುವೆಯಲ್ಲಿ ತಳಕ್ಕಿಳಿದು, ಒಂದರ ಮೇಲೊಂದು ಕುಳಿತ ಬುಟ್ಟಿಗಳ ಮೂಲಕ ಮೇಲೇರಿ, ತಲೆಭಾಗದ ಇಂಪೆಲ್ಲರ್ ಸೇರುತ್ತದೆ. ಆದರೆ ನೀರು ಯಾವಾಗಲೂ ಸುಲಭದ ದಾರಿ ಹುಡುಕುವ ವಸ್ತು. ಬುಟ್ಟಿ ಮತ್ತು ಡಬ್ಬದ ಗೋಡೆಯ ನಡುವೆ ನಾಲ್ಕೈದು ಮಿಲಿಮೀಟರ್ ಸಂದಿಯಿದ್ದರೆ, ಸ್ಪಾಂಜು ಕಟ್ಟಿಕೊಂಡಂತೆಲ್ಲ ನೀರು ಆ ಸಂದಿಯಲ್ಲೇ ಮೇಲೇರುತ್ತದೆ. ಹರಿವು ಚೆನ್ನಾಗಿಯೇ ಕಾಣುತ್ತದೆ, ಶುದ್ಧೀಕರಣ ಮಾತ್ರ ಆಗುವುದಿಲ್ಲ. ಹರಿವಿನ ಅಂಕಿಯೊಂದನ್ನೇ ನಂಬಿಕೊಂಡವರು ಮೋಸ ಹೋಗುವುದು ಇಲ್ಲಿ.

ಕಳ್ಳದಾರಿಯನ್ನು ಕಣ್ಣಿನಿಂದಲೇ ಪತ್ತೆ ಮಾಡಬಹುದು. ತೊಳೆಯುವ ಮೊದಲು ಬುಟ್ಟಿಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿ. ನನ್ನ ಫಿಲ್ಟರ್‌ನ ಎರಡನೆಯ ಬುಟ್ಟಿಯಲ್ಲಿ ಸೆರಾಮಿಕ್ ಉಂಗುರಗಳು ನಡುವಿನಲ್ಲಿ ಕೊಂಡಾಗ ಇದ್ದಷ್ಟೇ ಬೆಳ್ಳಗಿದ್ದವು. ಬುಟ್ಟಿಯ ಹೊರಮೈಯ ಒಂದು ಮೂಲೆಯಲ್ಲಿ ಮಾತ್ರ ಬೆರಳಗಲದ ಕಂದು ಪಟ್ಟಿಯೊಂದು ತಳದಿಂದ ತುದಿಯವರೆಗೆ ನೇರವಾಗಿ ಏರಿತ್ತು. ಎರಡು ವರ್ಷ ನೀರು ಎಲ್ಲಿ ನಡೆದಿತ್ತು ಎಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ. ಬುಟ್ಟಿಗಳು ಒಂದರ ಮೇಲೊಂದು ಕೂರುವ ಕಾಲುವೆಯ ಬಾಯಲ್ಲಿರಬೇಕಾದ ರಬ್ಬರ್ ಉಂಗುರ ಎಂದೋ ಕಳಚಿಹೋಗಿತ್ತು. ಕೊಳೆ ನೀರು ತಳಕ್ಕೆ ಇಳಿಯುವ ಮೊದಲೇ ಆ ಸಂದಿಯಿಂದ ನುಸುಳಿ ಪಂಪಿನ ಕಡೆಗೆ ಹೋಗುತ್ತಿತ್ತು.

ಇಂಥ ಸಂದಿಗೆ ಸಿಲಿಕೋನ್ ಅಂಟು ಬಳಿಯುವುದು ಮೊದಲು ಹೊಳೆಯುವ ಉಪಾಯ. ಆದರೆ ಬುಟ್ಟಿಗಳನ್ನು ಹೆಚ್ಚಾಗಿ ಪಾಲಿಪ್ರೊಪಿಲೀನ್‌ನಂಥ ಪ್ಲಾಸ್ಟಿಕ್‌ನಿಂದ ಮಾಡಿರುವುದರಿಂದ ಸಿಲಿಕೋನ್ ಅದಕ್ಕೆ ಹಿಡಿಯುವುದಿಲ್ಲ. ಒಂದು ತಿಂಗಳಿಗೆ ಸಿಪ್ಪೆಯಂತೆ ಎದ್ದು ಬರುತ್ತದೆ. ಅಂಟಿಸುವುದಕ್ಕಿಂತ ಒತ್ತಿ ಕೂರಿಸುವುದೇ ಮೇಲು. ಕಾಲುವೆಯ ಬಾಯಿಗೆ ಅಳತೆಯ ರಬ್ಬರ್ ಉಂಗುರವನ್ನು ಹುಡುಕಿ ಹಾಕಿ, ಬೆಂಗಳೂರಿನವರಿಗೆ ಎಸ್‌.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳು ಇಂಥದ್ದಕ್ಕೆ ಅಲೆಯಲು ಒಳ್ಳೆಯ ಜಾಗ, ಉಳಿದವರು ನಲ್ಲಿ ಸಾಮಾನಿನ ಅಂಗಡಿಯಲ್ಲಿ ಹಳೆಯ ಉಂಗುರವನ್ನೋ ಬುಟ್ಟಿಯನ್ನೋ ತೋರಿಸಿ ಕೇಳಬಹುದು. ಬುಟ್ಟಿಯ ಒಳಗಿನ ಸ್ಪಾಂಜನ್ನು ಬುಟ್ಟಿಯ ಅಳತೆಗಿಂತ ಪ್ರತಿ ಬದಿಗೂ 4-5 ಮಿಲಿಮೀಟರ್ ಹೆಚ್ಚಾಗಿ ಕತ್ತರಿಸಿ ಒತ್ತಿ ತುಂಬಿ, ಆಗ ಅದು ತಾನಾಗಿ ಗೋಡೆಗೆ ಅದುಮಿಕೊಳ್ಳುತ್ತದೆ. ಬುಟ್ಟಿ ಮತ್ತು ಡಬ್ಬದ ನಡುವಿನ ಸಂದಿಗೆ ಒಂದು ಬೆರಳಿನಷ್ಟು ಅಗಲದ ಸ್ಪಾಂಜಿನ ಪಟ್ಟಿಯನ್ನು ಅತ್ಯಂತ ಕೆಳಗಿನ ಬುಟ್ಟಿಯ ಸುತ್ತ ಸುತ್ತಿ ಇಳಿಸಿದರೆ ಸಾಕು. ಎಲ್ಲ ಬುಟ್ಟಿಗೂ ಸುತ್ತಲು ಹೋದರೆ ಮುಂದಿನ ಸಲ ಬುಟ್ಟಿಗಳನ್ನು ಹೊರಗೆಳೆಯುವುದೇ ಕಷ್ಟವಾಗುತ್ತದೆ.

ಬುಟ್ಟಿಗೆ ಏನು ತುಂಬಬೇಕು

ಹವ್ಯಾಸಿಗಳು ಅತಿ ಹೆಚ್ಚು ಹಣ ಸುರಿಯುವುದು ಇಲ್ಲಿಯೇ. ನನ್ನ ಅಭಿಪ್ರಾಯದಲ್ಲಿ ಅದರ ಬಹುಪಾಲು ದಂಡ. ಮೀಡಿಯಾ ಮಾಡುವ ಕೆಲಸವೇನು ಎಂಬುದನ್ನು ತಿಳಿದರೆ ಕಾರಣ ಅರ್ಥವಾಗುತ್ತದೆ. ಮೀನುಗಳು ವಿಸರ್ಜಿಸುವ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಎರಡನೆಯ ಕೆಲಸ ನೈಟ್ರೊಬ್ಯಾಕ್ಟರ್‌ನದು ಎಂದು ಬಹುಕಾಲ ನಂಬಲಾಗಿತ್ತು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಅದನ್ನು ಮಾಡುತ್ತಿರುವುದು ನೈಟ್ರೊಸ್ಪೈರ ಗುಂಪಿನ ಬ್ಯಾಕ್ಟೀರಿಯ ಎಂದು 1998ರಲ್ಲಿ ತೋರಿಸಲಾಯಿತು. ಅದೇ ಗುಂಪಿನ ಕೆಲವು ಅಮೋನಿಯದಿಂದ ನೈಟ್ರೇಟ್‌ವರೆಗಿನ ಇಡೀ ಕೆಲಸವನ್ನು ಒಂಟಿಯಾಗಿ ಮಾಡಬಲ್ಲವು ಎಂಬುದು 2015ರಲ್ಲಿ ಗೊತ್ತಾಯಿತು. ಇವೆಲ್ಲಕ್ಕೂ ಬೇಕಾದದ್ದು ಅಂಟಿಕೊಳ್ಳಲು ಒಂದು ಮೈ, ಮತ್ತು ಧಾರಾಳವಾದ ಆಮ್ಲಜನಕ. ಒಂದು ಗ್ರಾಂ ಅಮೋನಿಯ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು 4.6 ಗ್ರಾಂ ಆಮ್ಲಜನಕ ಖರ್ಚಾಗುತ್ತದೆ. 25 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಕರಗಿರಬಲ್ಲದ್ದು 8 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು. ನಮ್ಮ ಏಪ್ರಿಲ್ ತಿಂಗಳ 30 ಡಿಗ್ರಿಯಲ್ಲಿ ಅದು ಏಳೂವರೆಯ ಆಸುಪಾಸಿಗೆ ಇಳಿಯುತ್ತದೆ.

ಹೀಗಿರುವಾಗ, ಒಂದು ಲೀಟರ್ ಮೀಡಿಯಾದಲ್ಲಿ ಎಷ್ಟೋ ನೂರು ಚದರ ಮೀಟರ್ ಮೇಲ್ಮೈ ಇದೆ ಎಂಬ ಜಾಹೀರಾತಿಗೆ ಅರ್ಥ ಕಡಿಮೆ. ಆ ಸೂಕ್ಷ್ಮ ರಂಧ್ರಗಳ ಆಳಕ್ಕೆ ಆಮ್ಲಜನಕ ಹೊತ್ತ ನೀರು ತಲುಪದಿದ್ದರೆ, ಅಥವಾ ಮೊದಲ ತಿಂಗಳಲ್ಲೇ ಕೆಸರು ಅವುಗಳ ಬಾಯಿ ಮುಚ್ಚಿದರೆ, ಆ ಮೇಲ್ಮೈಯ ಉಪಯೋಗ ಬ್ಯಾಕ್ಟೀರಿಯಗಳಿಗೆ ಆಗುವುದಿಲ್ಲ. ಸಾಧಾರಣ 30 ಪಿಪಿಐ ಸ್ಪಾಂಜು, ಲಾವಾ ಕಲ್ಲಿನ ಚೂರು, ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಸ್ಕ್ರಬ್ಬರ್ ಇವು ನೀರು ಸರಾಗವಾಗಿ ಹರಿಯಲು ಬಿಡುತ್ತವೆ, ಸುಲಭವಾಗಿ ಶುಚಿಯಾಗುತ್ತವೆ. ಸ್ಕ್ರಬ್ಬರ್ ಪೂರ್ತಿ ಪ್ಲಾಸ್ಟಿಕ್‌ನದ್ದಾಗಿರಬೇಕು. ಸ್ಟೀಲಿನದ್ದೂ ಬೇಡ, ಸೋಪು ಸೇರಿಸಿದ್ದೂ ಬೇಡ. ಕಲ್ಲು ಯಾವುದೇ ಇರಲಿ, ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ನೋಡಿ. ನೊರೆ ಎದ್ದರೆ ಅದರಲ್ಲಿ ಸುಣ್ಣದ ಅಂಶವಿದ್ದು ನೀರನ್ನು ಗಡುಸಾಗಿಸುತ್ತದೆ.

ಜೋಡಿಸುವ ಕ್ರಮ ಹೀಗಿರಲಿ. ನೀರು ಮೊದಲು ತಲುಪುವ ತಳದ ಬುಟ್ಟಿಗೆ 20 ಪಿಪಿಐ ಸ್ಪಾಂಜು, ಅದರ ಮೇಲೆ 30ರದ್ದು. ನಡುವಿನ ಬುಟ್ಟಿಗಳಿಗೆ ಸ್ಕ್ರಬ್ಬರ್, ಕಲ್ಲು ಅಥವಾ ಈಗಾಗಲೇ ಇರುವ ಸೆರಾಮಿಕ್ ಉಂಗುರಗಳು. ಕೊನೆಯ ಬುಟ್ಟಿಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯ ತೆಳು ಪದರ. ಹಾಸಿಗೆ ಅಂಗಡಿಯವರು ಇದನ್ನು ರೆಕ್ರಾನ್ ಎನ್ನುತ್ತಾರೆ. ಸುವಾಸನೆ ಹಾಕಿದ್ದು ಬೇಡ, ನಿಜವಾದ ಹತ್ತಿಯಂತೂ ಖಂಡಿತ ಬೇಡ, ಅದು ನೀರಿನಲ್ಲಿ ಕೊಳೆಯುತ್ತದೆ. ಈ ಬಿಳಿ ಪದರವೇ ನೀರಿಗೆ ಗಾಜಿನ ಹೊಳಪು ಕೊಡುವುದು, ಮತ್ತು ಎಲ್ಲಕ್ಕಿಂತ ಮೊದಲು ಕಟ್ಟಿಕೊಂಡು ಹರಿವು ಕುಗ್ಗಿಸುವುದೂ ಇದೇ. ಅತಿಥಿಗಳು ಬರುವ ವಾರ ಹಾಕಿ, ಆಮೇಲೆ ತೆಗೆದುಬಿಟ್ಟರೂ ನಷ್ಟವಿಲ್ಲ. ಔಷಧ ಹಾಕಿದ ನಂತರ ಅದನ್ನು ನೀರಿನಿಂದ ತೆಗೆಯಲು ಫಿಲ್ಟರ್‌ಗೆಂದೇ ಸಿಗುವ ಇದ್ದಿಲು (ಆಕ್ಟಿವೇಟೆಡ್ ಕಾರ್ಬನ್) ಉಪಯುಕ್ತ. ಉಳಿದ ದಿನಗಳಲ್ಲಿ ಅದು ಜಾಗ ತಿನ್ನುತ್ತದೆ.

ಎಲ್ಲ ಮೀಡಿಯಾವನ್ನೂ ಒಂದೇ ದಿನ ಬದಲಿಸಬೇಡಿ. ಈ ಬ್ಯಾಕ್ಟೀರಿಯಗಳು ಹಾಲಿಗೆ ಹಾಕಿದ ಹೆಪ್ಪಿನಂತೆ ರಾತ್ರಿ ಬೆಳಗಾಗುವುದರೊಳಗೆ ಹರಡುವಂಥವಲ್ಲ. ಬಹಳ ನಿಧಾನವಾಗಿ ಬೆಳೆಯುತ್ತವೆ. ಮೊದಲ ಭಾನುವಾರ ಅರ್ಧ ಬದಲಿಸಿ, ಉಳಿದರ್ಧವನ್ನು ಮೂರು ನಾಲ್ಕು ವಾರ ಹಾಗೆಯೇ ಬಿಡಿ. ಹಳೆಯದನ್ನು ತೊಳೆಯುವುದು ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ. ನಲ್ಲಿಯ ಕ್ಲೋರಿನ್ ನೀರಿಗೆ ಹಿಡಿದರೆ ಸಾಕಿದ ಬ್ಯಾಕ್ಟೀರಿಯಗಳನ್ನು ಕೈಯಾರೆ ಕೊಂದಂತೆ. ಬದಲಿಸಿದ ಮೊದಲ ವಾರ ದಿನ ಬಿಟ್ಟು ದಿನ ಅಮೋನಿಯ, ನೈಟ್ರೈಟ್ ಎರಡನ್ನೂ ಟೆಸ್ಟ್ ಕಿಟ್‌ನಿಂದ ನೋಡಿ. ಬಣ್ಣ ಸೊನ್ನೆಯಿಂದ ಮೇಲಕ್ಕೆ ಸರಿದರೆ ಆಹಾರ ಕಡಿಮೆ ಮಾಡಿ, ಕಾಲು ಭಾಗ ನೀರು ಬದಲಿಸಿ.

ಪೈಪು, ತಿರುವು, ಸ್ಪ್ರೇ ಬಾರ್

ಪೈಪಿನ ಒಳವ್ಯಾಸ 16 ಮಿಲಿಮೀಟರಿನಿಂದ 12ಕ್ಕೆ ಇಳಿದರೆ, ಅಷ್ಟೇ ನೀರು ಸಾಗಿಸಲು ಆಗುವ ಘರ್ಷಣೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಫಿಲ್ಟರ್‌ನೊಂದಿಗೆ ಬಂದ ಅಳತೆಗಿಂತ ಸಣ್ಣ ಪೈಪನ್ನು ಯಾವ ಕಾರಣಕ್ಕೂ ಜೋಡಿಸಬಾರದು. ಉದ್ದ ಹೆಚ್ಚಾದ ಪೈಪನ್ನು ಸ್ಟ್ಯಾಂಡಿನ ಹಿಂದೆ ಸುತ್ತಿ ಇಟ್ಟಿದ್ದರೆ ಕತ್ತರಿಸಿ. ಕತ್ತರಿಸುವಾಗ ಫಿಲ್ಟರನ್ನು ಹೊರಗೆಳೆಯಲು ಬೇಕಾಗುವಷ್ಟು ಉದ್ದ ಉಳಿದಿದೆಯೇ ಎಂದು ಎರಡು ಸಲ ನೋಡಿ. ನನ್ನಲ್ಲಿ ಎರಡೂವರೆ ಅಡಿ ಹೆಚ್ಚುವರಿ ಪೈಪು ಗೋಡೆಗೆ ಒತ್ತಿಕೊಂಡು ಒಂದು ಕಡೆ ಮಡಚಿಯೇ ಹೋಗಿತ್ತು. ಅದನ್ನು ಸರಿಪಡಿಸಿದ್ದೊಂದರಿಂದಲೇ ಅಳತೆ ಬಕೆಟ್ಟಿನಲ್ಲಿ ನಾಲ್ಕು ಸೆಕೆಂಡು ಉಳಿಯಿತು. ಪೈಪಿನ ತುದಿಯನ್ನು ಒಂದು ನಿಮಿಷ ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗಿ ನಲ್ಲಿಯ ಮೇಲೆ ಸಲೀಸಾಗಿ ಏರುತ್ತದೆ. ಪೈಪಿನ ಒಳಗೋಡೆಗೆ ಕಟ್ಟಿದ ಲೋಳೆಯೂ ವ್ಯಾಸವನ್ನು ತಿನ್ನುತ್ತದೆ. ಉದ್ದ ತಂತಿಯ ಬ್ರಷ್ಷನ್ನು ಆರು ತಿಂಗಳಿಗೊಮ್ಮೆ ಎಳೆದಾಡಿ.

ನೀರನ್ನು ತೊಟ್ಟಿಗೆ ಮರಳಿಸುವ ರಂಧ್ರಗಳುಳ್ಳ ಕೊಳವೆಯಾದ ಸ್ಪ್ರೇ ಬಾರ್‌ನ ರಂಧ್ರಗಳ ಒಟ್ಟು ವಿಸ್ತೀರ್ಣ ಪೈಪಿನ ಬಾಯಿಯ ವಿಸ್ತೀರ್ಣಕ್ಕಿಂತ ಕಡಿಮೆಯಿದ್ದರೆ ಅಲ್ಲಿಯೇ ಕತ್ತು ಹಿಸುಕಿದಂತಾಗುತ್ತದೆ. ಲೆಕ್ಕ ಸುಲಭ. 12 ಮಿಲಿಮೀಟರ್ ಪೈಪಿಗೆ 4 ಮಿಲಿಮೀಟರಿನ 9 ರಂಧ್ರಗಳು, 16ರ ಪೈಪಿಗೆ 16 ರಂಧ್ರಗಳು ಸರಿಸಮ. ಒಂದೆರಡು ಹೆಚ್ಚಿದ್ದರೆ ಇನ್ನೂ ಒಳ್ಳೆಯದು. ಇರುವ ರಂಧ್ರಗಳನ್ನು ಡ್ರಿಲ್ಲಿನಿಂದ ಹಿಗ್ಗಿಸುವಾಗ ಅರ್ಧ ಮಿಲಿಮೀಟರಿನಂತೆ ಮುಂದುವರಿದು, ಅಂಚಿನ ಚೂರುಗಳನ್ನು ಚಾಕುವಿನಿಂದ ಕೆರೆದು ತೆಗೆಯಿರಿ. ಬಾರನ್ನು ನೀರಿನ ಮೇಲ್ಮೈ ತುಸುವೇ ಅಲುಗಾಡುವಂತೆ ಮೇಲ್ಮುಖವಾಗಿ ತಿರುಗಿಸಿದರೆ ಆಮ್ಲಜನಕವೂ ಬೆರೆಯುತ್ತದೆ. ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಬಿಡುವವರು ಅಲೆಯನ್ನು ಕಡಿಮೆ ಇಡಬೇಕಾಗುತ್ತದೆ.

ಇಂಪೆಲ್ಲರ್ ಮತ್ತು ರಬ್ಬರ್ ಉಂಗುರ

ಬೋರ್‌ವೆಲ್ ನೀರಿರುವ ಮನೆಗಳಲ್ಲಿ ಇಂಪೆಲ್ಲರ್‌ನ ಸುತ್ತ ಸುಣ್ಣದ ಬಿಳಿ ಪದರ ಕಟ್ಟುತ್ತದೆ. ಈ ಮೋಟಾರುಗಳು ವಿದ್ಯುತ್ತಿನ 50 ಹರ್ಟ್ಸ್ ಆವರ್ತನಕ್ಕೆ ಹೊಂದಿ ಸಾಮಾನ್ಯವಾಗಿ ನಿಮಿಷಕ್ಕೆ 3000 ಸುತ್ತು ತಿರುಗುವಂಥವು; ಅಂಟು ಹೆಚ್ಚಾದರೆ ಗೊರಗೊರ ಸದ್ದು ಮಾಡುತ್ತ ಕೊನೆಗೊಂದು ದಿನ ನಿಲ್ಲುತ್ತವೆ. ಇಂಪೆಲ್ಲರನ್ನು ನೇರವಾಗಿ ಎಳೆದು ತೆಗೆದು, ಒಂದು ಲೋಟ ನೀರಿಗೆ ಒಂದು ಚಮಚ ನಿಂಬೆ ಉಪ್ಪು ಕರಗಿಸಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಚೆನ್ನಾಗಿ ತೊಳೆಯಿರಿ. ನಡುವಿನ ಸೆರಾಮಿಕ್ ಕಡ್ಡಿ ಗಾಜಿನಂತೆ ಮುರಿಯುತ್ತದೆ. ಅದನ್ನು ಓರೆ ಮಾಡಿ ಕೀಳಬಾರದು. ತಲೆಭಾಗದ ದೊಡ್ಡ ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸನ್ನು ಬೆರಳ ತುದಿಯಲ್ಲಿ ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಎರಡೂ ಬೇಡ. ಕೆಲವು ಬಗೆಯ ರಬ್ಬರ್ ಅವುಗಳಿಂದ ಉಬ್ಬಿ ಸಡಿಲಾಗುತ್ತದೆ.

ಮರಳಿ ಚಾಲೂ ಮಾಡುವುದು

ಡಬ್ಬವನ್ನು ನೀರಿನಿಂದ ತುಂಬಿಸಿದ ಮೇಲೆಯೇ ಮುಚ್ಚಿ, ಹೀರುವ ಕಡೆಯ ನಲ್ಲಿಯನ್ನು ಮೊದಲು, ಮರಳುವ ಕಡೆಯದನ್ನು ಆಮೇಲೆ ತೆರೆಯಿರಿ. ಗುಳುಗುಳು ಸದ್ದು ನಿಲ್ಲುವವರೆಗೆ ಕಾದು ಪ್ಲಗ್ ಹಾಕಿ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರಲು ಡಬ್ಬವನ್ನು ಎರಡೂ ಪಕ್ಕಕ್ಕೆ ನಿಧಾನವಾಗಿ ಓಲಾಡಿಸಿ. ಮೊದಲ ರಾತ್ರಿ ಡಬ್ಬದ ಕೆಳಗೆ ಒಂದು ಹಾಳೆ ಪೇಪರ್ ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಒದ್ದೆ ಗುರುತಿದ್ದರೆ ಉಂಗುರ ಸರಿಯಾಗಿ ಕೂತಿಲ್ಲ. ವೈರು ಪ್ಲಗ್ಗಿಗೆ ಸೇರುವ ಮೊದಲು ಕೆಳಗೆ ಒಂದು ಇಳಿಬಳುಕು ಇರಲಿ, ವೈರಿಗುಂಟ ಹರಿದು ಬರುವ ಹನಿ ಸ್ವಿಚ್‌ಬೋರ್ಡಿಗೆ ಹೋಗದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಬಕೆಟ್ ಅಳತೆಯನ್ನು ಮತ್ತೆ ಮಾಡಿ, ಹಳೆಯ ಅಂಕಿಯ ಕೆಳಗೆ ಬರೆಯಿರಿ. ಅದು ಐದನೇ ಒಂದು ಭಾಗದಷ್ಟು ಕುಸಿದ ದಿನ ಫಿಲ್ಟರ್ ಬಿಚ್ಚುವ ದಿನ. ತಿಂಗಳ ಲೆಕ್ಕ ಬೇಕಾಗುವುದಿಲ್ಲ.

ಕರೆಂಟ್ ಹೋದಾಗ

ಹರಿವು ನಿಂತ ಮೇಲೆ ಮುಚ್ಚಿದ ಡಬ್ಬದೊಳಗಿನ ಬ್ಯಾಕ್ಟೀರಿಯಗಳು ಅಲ್ಲಿರುವ ಆಮ್ಲಜನಕವನ್ನು ಬೇಗನೆ ಮುಗಿಸಿಬಿಡುತ್ತವೆ. ಒಮ್ಮೆ ಮಳೆಗಾಲದ ರಾತ್ರಿ ಏಳು ಗಂಟೆ ಕರೆಂಟ್ ಇಲ್ಲದೆ, ಬೆಳಗಿನ ಜಾವ ತಾನಾಗಿ ಚಾಲೂ ಆದ ಫಿಲ್ಟರ್ ಆ ಕೊಳೆತ ನೀರನ್ನೆಲ್ಲ ತೊಟ್ಟಿಗೆ ಉಗುಳಿತು. ನಾನು ಎದ್ದು ಬಂದಾಗ ಕೋಣೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ, ಏಂಜೆಲ್ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಅರ್ಧ ನೀರು ಬದಲಿಸಿ, ಏರ್ ಪಂಪು ಹಾಕಿದ ಮೇಲೆ ಎರಡು ಬಿಟ್ಟು ಉಳಿದವು ಬದುಕಿಕೊಂಡವು. ಅಂದಿನಿಂದ ಫಿಲ್ಟರನ್ನು ಇನ್ವರ್ಟರ್ ಲೈನಿಗೆ ಸೇರಿಸಿದ್ದೇನೆ. 18 ವಾಟ್‌ನ ಪಂಪು ಎಂಟು ಗಂಟೆ ಓಡಿದರೂ ತಿನ್ನುವುದು 144 ವಾಟ್-ಗಂಟೆ. 150 ಆಂಪಿಯರ್-ಗಂಟೆಯ 12 ವೋಲ್ಟ್ ಬ್ಯಾಟರಿಯ ಸಂಗ್ರಹ ಲೆಕ್ಕಕ್ಕೆ 1800. ಇನ್ವರ್ಟರ್ ಸೈನ್ ವೇವ್ ಬಗೆಯದ್ದಾಗಿರಲಿ, ಸ್ಕ್ವೇರ್ ವೇವ್‌ನಲ್ಲಿ ಈ ಮೋಟಾರುಗಳು ಗೊಣಗುತ್ತ ಬಿಸಿಯಾಗುತ್ತವೆ. ಇನ್ವರ್ಟರ್ ಇಲ್ಲದವರು ಕರೆಂಟ್ ಹೋಗಿ ಎರಡು ಮೂರು ಗಂಟೆ ಕಳೆದರೆ ಪ್ಲಗ್ ಕಿತ್ತಿಟ್ಟು ಮಲಗಲಿ. ಬೆಳಿಗ್ಗೆ ನಲ್ಲಿಗಳನ್ನು ಮುಚ್ಚಿ, ಡಬ್ಬವನ್ನು ಬಿಡಿಸಿ, ಒಳಗಿನ ನೀರನ್ನೆಲ್ಲ ಚೆಲ್ಲಿ, ಮೀಡಿಯಾವನ್ನು ತೊಟ್ಟಿಯ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದು, ಹೊಸ ನೀರು ತುಂಬಿದ ಮೇಲೆಯೇ ಚಾಲೂ ಮಾಡಲಿ.